ಕಾಯಿಲ್ ಸುಟ್ಟಿಲ್ಲ ಅತ್ತೆ: ಶಿರಸಿಯ ಒಂದು ರಿಪೇರಿ ಅಂಗಡಿ ಮತ್ತು ಶಾಲೆಗೆ ಹೋಗದ ಹುಡುಗ

ಮೊದಲೇ ಹೇಳಿಬಿಡುತ್ತೇನೆ, ಅಂಗಡಿಯ ಹೆಸರು ಇಲ್ಲಿ ಸಿಗುವುದಿಲ್ಲ. ಬರೆಯಲಾ ಅಂತ ಕೇಳಿದ್ದಕ್ಕೆ ಯಜಮಾನರು ಕೈ ಮುಗಿದರು. "ಮಳೆಗಾಲ ಒಂದು ಮುಗಿಯಲಿ ಅಕ್ಕಾ. ಈಗಲೇ ತೋಟಕ್ಕೆ ಹೊಡೆಯುವ ಔಷಧಿ ಪಂಪುಗಳು ಬಾಗಿಲ ತನಕ ಸಾಲು ನಿಂತಿವೆ" ಅಂದರು. ಹಾಗಾಗಿ ಗುರುತು ಮಾತ್ರ ಕೊಡುತ್ತೇನೆ. ಶಿರಸಿಯ ಬಿಡ್ಕಿಬೈಲಿನಿಂದ ಐದು ನಿಮಿಷ ನಡೆದರೆ ಸಿಗುತ್ತದೆ. ಬೋರ್ಡಿನ ಬಣ್ಣ ಹೋಗಿದೆ. ಒಳಗೆ ಕೂರಲು ಒಂದು ಕುರ್ಚಿ ಇಲ್ಲ. ಪಂಪ್‌ಸೆಟ್ಟು, ಗ್ರೈಂಡರು, ಕಳೆ ಹೊಡೆಯುವ ಮಷಿನ್ನು, ಎಲ್ಲ ಒಂದರ ಮೇಲೊಂದು. ಯಜಮಾನರಿಗೆ ಐವತ್ತೈದರ ಮೇಲೆ ಇರಬಹುದು. ಜೊತೆಗೆ ಇಬ್ಬರು ಹುಡುಗರು. ನಾನು ಬರೆಯಲು ಕೂತಿದ್ದು ಅವರಲ್ಲಿ ತೆಳ್ಳಗಿರುವವನ ಸಲುವಾಗಿ. 20 ವರ್ಷ. ಒಂದು ದಿನವೂ ಶಾಲೆಯ ಬೆಂಚಿನ ಮೇಲೆ ಕೂತವನಲ್ಲ.

"ಶಾಲೆ ಬಿಟ್ಟವನು" ಅಂತ ಓದಿಕೊಳ್ಳಬೇಡಿ. ನಾನು ಹಾಗೇ ಅಂದುಕೊಂಡು ಮೊದಲ ದಿನ "ಪಾಪ" ಅಂದಿದ್ದೆ. ಬಿಟ್ಟದ್ದಲ್ಲ, ಅಪ್ಪ ಅಮ್ಮ ಹಾಕಲೇ ಇಲ್ಲ. ಮನೆಯಲ್ಲೇ ಕಲಿಸಿದರು. ಹೋಂಸ್ಕೂಲಿಂಗ್ ಅಂತಾರಲ್ಲ, ಅದು.

ಮೊದಲು ನನ್ನ ಡ್ರೈಯರಿನ ಕತೆ ಹೇಳಬೇಕು. ಇಲ್ಲದಿದ್ದರೆ ಈ ಹುಡುಗನನ್ನು ನಾನು ಯಾಕೆ ಇಷ್ಟು ಹೊಗಳುತ್ತಿದ್ದೇನೆ ಅಂತ ಗೊತ್ತಾಗುವುದಿಲ್ಲ.

ನಮ್ಮದು ಸಿದ್ದಾಪುರ ರಸ್ತೆ ಕಡೆಯ ಹಳ್ಳಿ. ಹಲಸಿನಕಾಯಿ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಬಾಳೆಕಾಯಿ ಚಿಪ್ಸು ಮಾಡಿ ಮಾರಲು ಶುರುಮಾಡಿ 12 ವರ್ಷ ಆಯಿತು. ಕೆಲಸಕ್ಕೆ ನಾಲ್ಕು ಹೆಂಗಸರು ಬರುತ್ತಾರೆ. ಹಪ್ಪಳಕ್ಕೆ ಮೇ ತಿಂಗಳೇ ಜೀವ. ಹಲಸಿನಕಾಯಿ ಬಲಿಯುವುದೂ ಆಗಲೇ, ಬಿಸಿಲು ಕೈಕೊಡುವುದೂ ಆಗಲೇ. ರೋಹಿಣಿ ಮಳೆ ನಾಲ್ಕು ಹನಿ ಹಾಕಿತು ಅಂದರೆ ಅಂಗಳದ ಚಾಪೆ ಸುತ್ತಿ ಒಳಗಿಡುವುದೇ. ಅದಕ್ಕಾಗಿ ಮೂರು ವರ್ಷದ ಹಿಂದೆ ಕರೆಂಟಿನ ಡ್ರೈಯರ್ ತಗೊಂಡೆವು. 3 ಕಿಲೋವ್ಯಾಟಿನದ್ದು, 24 ತಟ್ಟೆ.

ಎರಡು ಮಳೆಗಾಲ ಅದು ನನ್ನ ಜೀವ ಹಿಂಡಿತು. ಆರು ಗಂಟೆಯಲ್ಲಿ ಒಣಗಬೇಕಾದ ಹಪ್ಪಳ ಹತ್ತು ಗಂಟೆಯಾದರೂ ನಡುವೆ ಮೆತ್ತಗೇ ಇರುತ್ತಿತ್ತು. ಎಣ್ಣೆಗೆ ಬಿಟ್ಟರೆ ಅರಳುತ್ತಿರಲಿಲ್ಲ. ಡಬ್ಬಿಗೆ ತುಂಬಿದರೆ ವಾರದಲ್ಲಿ ಬೂಷ್ಟು. ಮೊದಲು ಬರುತ್ತಿದ್ದ ಮೆಕ್ಯಾನಿಕ್ಕು, ಬೇರೆ ಊರಿನವರು, ಹೆಸರು ಬೇಡ, ಎರಡು ಸಲ ಬಂದು ಎರಡು ಸಲವೂ ಕಾಯಿಲ್, ಅಂದರೆ ಒಳಗೆ ಕಾಯುವ ತಂತಿಸುರುಳಿ, ಬದಲಾಯಿಸಿದರು. ಒಂದೊಂದು ಸಲಕ್ಕೂ 1,800 ರೂಪಾಯಿ. ಬದಲಾಯಿಸಿದ ವಾರ ಎಲ್ಲ ಸರಿ ಅನ್ನಿಸುತ್ತಿತ್ತು. ಈಗ ತಿಳಿಯುತ್ತದೆ, ರಿಪೇರಿ ಆದ ಖುಷಿಗೆ ಆ ವಾರ ನಾವು ಹಗಲು ಹೊತ್ತೇ ಡ್ರೈಯರ್ ಹಾಕಿ ನೋಡುತ್ತಿದ್ದೆವು, ಅಷ್ಟೇ.

ಈ ವರ್ಷ ಮೇ ಕೊನೆಗೆ ಮತ್ತೆ ಅದೇ ಗೋಳು. ಯಾರೋ ಈ ಅಂಗಡಿಯ ನಂಬರು ಕೊಟ್ಟರು. ಫೋನ್ ಮಾಡಿದೆ. "ಹುಡುಗನ್ನ ಕಳಿಸ್ತೇನೆ" ಅಂದರು. ಬೈಕಿನಲ್ಲಿ ಬಂದ. ರೇನ್‌ಕೋಟು ಬಿಚ್ಚಿ ಜಗುಲಿಯ ಗಳಕ್ಕೆ ಹಾಕಿದ. ಡ್ರೈಯರ್ ಎಲ್ಲಿದೆ ಅಂತ ಕೇಳುತ್ತಾನೆ ಅಂದುಕೊಂಡರೆ, "ಅತ್ತೆ, ಹಪ್ಪಳ ಹಚ್ಚೋದು ಯಾವ ಹೊತ್ತಿಗೆ? ಒಣಗಿಸಕ್ಕೆ ಹಾಕೋದು ಯಾವ ಹೊತ್ತಿಗೆ?" ಅಂತ ಕೇಳಿದ. ಹಚ್ಚಿ ಮುಗಿಯುವುದು ಸಂಜೆ ನಾಲ್ಕೂವರೆ, ಐದು. ಆಮೇಲೆ ರಾತ್ರಿಯವರೆಗೆ ಡ್ರೈಯರು. ಅದನ್ನು ಒಂದು ಸಣ್ಣ ಪುಸ್ತಕದಲ್ಲಿ ಬರೆದುಕೊಂಡ. ಆಮೇಲೆ ಮೀಟರ್ ಹಿಡಿದು ಕಾಯಿಲ್ ನೋಡಿದ. 17 ಚಿಲ್ಲರೆ ಓಂ ತೋರಿಸಿತು.

"ಕಾಯಿಲ್ ಸುಟ್ಟಿಲ್ಲ ಅತ್ತೆ. ಇದು ಎಷ್ಟು ಇರಬೇಕೋ ಅಷ್ಟೇ ಇದೆ."

"ಮತ್ತೆಂತ ಆಗಿದ್ದು ತಮಾ?"

"ಗೊತ್ತಿಲ್ಲ."

ಈ ಮಾತು ಹೇಳಿದ ಮೆಕ್ಯಾನಿಕ್ಕನ್ನು ನಾನು ಅವತ್ತೇ ಮೊದಲು ಕಂಡದ್ದು. ಗೊತ್ತಿಲ್ಲ ಅಂದವನು ಬ್ಯಾಗು ಎತ್ತಿಕೊಂಡು ಹೊರಡಲೂ ಇಲ್ಲ, ಕಾಯಿಲ್ ಬಿಚ್ಚಲೂ ಇಲ್ಲ. ಸಾಕೆಟ್ಟಿಗೆ ಚುಚ್ಚುವ ಸಣ್ಣ ವೋಲ್ಟ್ ಮೀಟರ್ ಎರಡು ಕೊಟ್ಟ. ಒಂದು ಮನೆಯ ಒಳಗೆ, ಇನ್ನೊಂದು ಡ್ರೈಯರ್ ಇರುವ ಶೆಡ್ಡಿನಲ್ಲಿ. ಎರಡು ದಿನ, ಮಧ್ಯಾಹ್ನ 12ರಿಂದ ರಾತ್ರಿ 10ರವರೆಗೆ, ಅರ್ಧ ಗಂಟೆಗೊಮ್ಮೆ ಎರಡೂ ಕಡೆ ಎಷ್ಟಿದೆ ಅಂತ ಬರೆದಿಡಲು ಹೇಳಿದ. ನಾನು ನಕ್ಕೆ. ಈ ವಯಸ್ಸಿಗೆ ಹೋಂವರ್ಕು! ಅವನು ನಗಲಿಲ್ಲ. ಗೆರೆ ಎಳೆದು, ಗಂಟೆ ಬರೆದು, ತುಂಬುವ ಜಾಗ ಖಾಲಿ ಬಿಟ್ಟು ಪುಸ್ತಕ ಕೈಗೆ ಕೊಟ್ಟು ಹೋದ.

ಮೂರನೇ ದಿನ ಬಂದು ಜಗುಲಿಯಲ್ಲಿ ಕೂತು ಓದಿದ. ಮಧ್ಯಾಹ್ನ ಮನೆಯಲ್ಲಿ 225. ಸಂಜೆ ಏಳಕ್ಕೆ ಮನೆಯಲ್ಲಿ 205. ಅದೇ ಹೊತ್ತಿಗೆ ಶೆಡ್ಡಿನಲ್ಲಿ 189. "ಮನೆಯಿಂದ ಶೆಡ್ಡಿಗೆ ಹೋಗೋವಾಗ 16 ವೋಲ್ಟು ಎಲ್ಲಿ ಬಿದ್ದು ಹೋಯ್ತು?" ಅಂತ ತನ್ನಷ್ಟಕ್ಕೇ ಕೇಳಿಕೊಂಡು ಎದ್ದು ಹೋದ. ವಯರು ಹಿಡಿದುಕೊಂಡೇ ಅಂಗಳ ದಾಟಿ, ಬಚ್ಚಲ ಹಿಂದೆ ಹೋಗಿ, ಹೆಜ್ಜೆ ಎಣಿಸಿದ. ಸುಮಾರು 60 ಮೀಟರು. ವಯರು ಒಂದೂವರೆ ಎಂಎಂನದ್ದು, ಲೈಟಿಗೆ ಎಳೆಯುವಂಥದ್ದು.

ಆಗ ನೆನಪಾಯಿತು. ಆ ಶೆಡ್ಡು ಮೊದಲು ಕೊಟ್ಟಿಗೆ. ಅಲ್ಲಿಗೆ ಒಂದು ಬಲ್ಬಿಗೆ ಅಂತ ನಮ್ಮ ಮಾವ ಇದ್ದಾಗ ಎಳೆಸಿದ ವಯರು. ದನ ಹೋಯಿತು, ಡ್ರೈಯರ್ ಬಂತು, ವಯರು ಮಾತ್ರ ಅದೇ.

ಕ್ಯಾಲೆಂಡರಿನ ಹಿಂದೆ ಲೆಕ್ಕ ಮಾಡಿ ತೋರಿಸಿದ. ವೋಲ್ಟೇಜು ಸ್ವಲ್ಪ ಇಳಿದರೆ ಶಾಖ ಅದಕ್ಕಿಂತ ಜಾಸ್ತಿ ಇಳಿಯುತ್ತದಂತೆ. 230ಕ್ಕೆ 3 ಕಿಲೋವ್ಯಾಟು ಕೊಡುವ ಕಾಯಿಲ್ 189ಕ್ಕೆ ಬಂದರೆ ಕೊಡುವುದು ಬರೀ 2. ಮೂರರಲ್ಲಿ ಒಂದು ಪಾಲು ಶಾಖ ಇಲ್ಲ! ನಾನು ಎರಡು ವರ್ಷ ಹಲಸಿನಕಾಯಿಯನ್ನು ಬೈದಿದ್ದೆ, ಅರೆಯುವ ಹೆಂಗಸರನ್ನು ಬೈದಿದ್ದೆ, ಎರಡು ಕಾಯಿಲ್ ಎಸೆದಿದ್ದೆ.

"ವಯರು ಇವತ್ತೇ ಹಾಕಬೇಕಂತಿಲ್ಲ" ಅಂದ. "ಮೊದಲು ಒಂದು ವಾರ ಬೆಳಿಗ್ಗೆ ಹತ್ತಕ್ಕೆ ಡ್ರೈಯರ್ ಹಾಕಿ ನೋಡಿ. ಅದರಲ್ಲೇ ಸರಿಯಾದರೆ ದುಡ್ಡು ಉಳಿತು." ಹಪ್ಪಳ ಹಚ್ಚುವುದನ್ನು ಬೆಳಗಿನ ಜಾವಕ್ಕೆ ತಂದೆವು. ಒಣಗುವ ಹೊತ್ತು ಹತ್ತರಿಂದ ಎಂಟು ಗಂಟೆಗೆ ಇಳಿಯಿತು. ಆಮೇಲೆ 4 ಎಂಎಂ ವಯರು ಎಳೆಸಿದ ಮೇಲೆ ಆರೂವರೆ. ತಾಮ್ರದ ರೇಟು ಗೊತ್ತಲ್ಲ, ವಯರಿನ ದುಡ್ಡು ಜಾಸ್ತಿಯೇ ಆಯಿತು. ಅಂಗಡಿಯವರು ತಗೊಂಡದ್ದು ನೋಡಿದ್ದಕ್ಕೆ 300, ಪೆಟ್ರೋಲಿಗೆ 100, ವಯರು ಎಳೆದ ಕೂಲಿ 1,500. ಬಿಲ್ಲು ಕನ್ನಡದಲ್ಲಿ, ಕೈಬರಹದಲ್ಲಿ. ಏನು ಕಂಡಿತು, ಏನು ಮಾಡಿದೆ ಅಂತ ನಾಲ್ಕು ಸಾಲು. ತೆಗೆದ ಹಳೇ ವಯರನ್ನು ಸುತ್ತಿ ಕೈಗೆ ಕೊಟ್ಟರು. "ತಾಮ್ರ ಅತ್ತೆ, ಗುಜರಿಗೆ ಹಾಕಿದ್ರೆ ದುಡ್ಡು ಬರ್ತದೆ."

ಇನ್ನು ಅಂಗಡಿಯ ಮಾತು. ಜೂನಿನಲ್ಲಿ ನಮ್ಮನೆಯವರ ಔಷಧಿ ಪಂಪು ಕೆಟ್ಟಿತು. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಹೊತ್ತು ಅದು, ಒಂದು ದಿನ ತಪ್ಪಿದರೂ ಎದೆ ಹೊಡೆದುಕೊಳ್ಳುತ್ತದೆ. ನಾನೂ ಜೊತೆಗೆ ಹೋದೆ. ಹುಡುಗ ಪಂಪು ಬಿಚ್ಚಿ, ಒಳಗಿನ ವಾಲ್ವನ್ನು ಬೆರಳಿನ ತುದಿಯಲ್ಲಿ ಉಜ್ಜಿ ನಮ್ಮನೆಯವರ ಅಂಗೈ ಮೇಲೆ ಇಟ್ಟ. ಮರಳಿನ ಹಾಗೆ ತರಿತರಿ. "ಮಾವಾ, ಸುಣ್ಣ ಸೋಸ್ತೀರಾ?" 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಅದೇನೋ ಸರಿ. ಆದರೆ ಸುಣ್ಣವನ್ನು ಬಟ್ಟೆಯಲ್ಲಿ ಸೋಸದೆ ಹಾಗೇ ಸುರಿದರೆ ತರಿ ಹೋಗಿ ವಾಲ್ವು ತಿನ್ನುತ್ತದೆ. ಮೂವತ್ತು ವರ್ಷದಿಂದ ಔಷಧಿ ಹೊಡೆಸಿದ ನಮ್ಮನೆಯವರು ಮಾತಾಡಲಿಲ್ಲ. ಮನೆಗೆ ಬಂದು ನನ್ನ ಹಳೇ ಹತ್ತಿ ಸೀರೆ ಹರಿದುಕೊಂಡು ಹೋದರು.

ಪಂಪು ಆಗುವವರೆಗೆ ಯಜಮಾನರ ಹತ್ತಿರ ನಿಂತು ಕೇಳಿದೆ, ಈ ಹುಡುಗ ಎಲ್ಲಿ ಸಿಕ್ಕಿದ ನಿಮಗೆ?

"16ನೇ ವರ್ಷಕ್ಕೆ ಅಪ್ಪನ ಜೊತೆ ಮೋಟಾರು ತಂದಿದ್ದ. ನಾನು ಬಿಚ್ಚಿ ಜೋಡಿಸೋವರೆಗೆ ಪಕ್ಕದಲ್ಲೇ ನಿಂತಿದ್ದ. ಮರುದಿನ ಬಸ್ಸು ಹತ್ತಿ ಒಬ್ಬನೇ ಬಂದ. ಎಂತಕ್ಕೆ ಗೊತ್ತಾ? ನಿನ್ನೆ ಆ ವಾಶರು ಯಾಕೆ ತಿರುವಿ ಹಾಕಿದ್ರಿ ಅಂತ ಕೇಳಕ್ಕೆ."

ಆಮೇಲೆ ವಾರಕ್ಕೆರಡು ಸಲ ಬಂದು ಕೂರುತ್ತಿದ್ದನಂತೆ. ಕೆಲಸಕ್ಕೆ ಇಟ್ಟುಕೊಂಡದ್ದು 18 ತುಂಬಿದ ಮೇಲೆ. "ಅಲ್ಲೀವರೆಗೆ ಸ್ಕ್ರೂಡ್ರೈವರ್ ಕೊಟ್ಟೆ, ಕರೆಂಟು ಕೊಡಲಿಲ್ಲ" ಅಂದರು.

ಇನ್ನೊಬ್ಬ ಹುಡುಗ ಐಟಿಐ ಮಾಡಿದವನು. ಅವನನ್ನು ಯಜಮಾನರು ಕಡಿಮೆ ಮಾಡಿ ಹೇಳಲಿಲ್ಲ. ವೈಂಡಿಂಗಿಗೆ ಕೂತರೆ ಅವನ ಕೈ ಮುಂದೆ ಈ ಹುಡುಗ ಏನೂ ಅಲ್ಲವಂತೆ. ಆದರೆ ಒಂದು ಮಾತು ಹೇಳಿದರು. "ಹಿಂದೆ ಇಟ್ಟುಕೊಂಡ ಹುಡುಗರೆಲ್ಲ ಕೆಲಸ ಮುಗಿದ ಕೂಡಲೆ ನನ್ನ ಮುಖ ನೋಡ್ತಿದ್ದರು, ಸರಿಯಾಯ್ತಾ ಅಂತ. ಇವನು ಮಷಿನ್ನಿನ ಮುಖ ನೋಡ್ತಾನೆ."

ಅದು ನನ್ನ ತಲೆಯಲ್ಲಿ ಉಳಿಯಿತು. ನಾನೂ ನಾಲ್ಕು ಜನರಿಗೆ ಕೆಲಸ ಕೊಟ್ಟವಳು. "ಅಕ್ಕಾ, ಇದು ಸಾಕಾ? ಅಕ್ಕಾ, ಇನ್ನು ಎಂತ ಮಾಡೋದು?" ಅಂತ ದಿನಕ್ಕೆ ನಲವತ್ತು ಸಲ ಕೇಳಿಸಿಕೊಳ್ಳುವವಳು.

ಹುಡುಗನ ಅಮ್ಮ ಒಂದು ದಿನ ಮಿಡಿ ಉಪ್ಪಿನಕಾಯಿಗೆ ಬಂದರು. ಬಿಡುತ್ತೇನೆಯೇ, ಕೂರಿಸಿ ಚಾ ಕೊಟ್ಟು ಕೇಳಿದೆ. ಇವನಿಗೆ ನಾಲ್ಕು ವರ್ಷ ಇದ್ದಾಗ ಬೆಂಗಳೂರು ಬಿಟ್ಟು ತೋಟಕ್ಕೆ ಬಂದವರು. ಅಕ್ಷರ ಕಲಿತದ್ದು ಪೇಪರ್ ಓದಿ, ಲೆಕ್ಕ ಕಲಿತದ್ದು ಅಡಿಕೆ ತೂಕ ಮಾಡಿ. ಕೆಂಪಡಿಕೆ ರಾಶಿ ಎಷ್ಟು, ಬಿಳಿ ಅಡಿಕೆ ಚಾಲಿ ಎಷ್ಟು, ಕೂಲಿ ಕಳೆದು ಉಳಿದದ್ದು ಎಷ್ಟು, ಹತ್ತನೇ ವರ್ಷಕ್ಕೆ ಅಪ್ಪನ ಪುಸ್ತಕ ಇವನೇ ಬರೆಯುತ್ತಿದ್ದ. ಬೆಳಿಗ್ಗೆ ಎರಡು ಗಂಟೆ ಪಾಠ. ಉಳಿದ ಹೊತ್ತು ರೇಡಿಯೋ ಬಿಚ್ಚು, ಕೊನೆಗೌಡನ ಹಿಂದೆ ತಿರುಗು. (ಅಡಿಕೆ ಕೊನೆ ಕೊಯ್ಯುವವರಿಗೆ ನಮ್ಮ ಕಡೆ ಹೀಗೆ ಹೇಳುತ್ತಾರೆ.)

"ಕಾನೂನಿನ ತೊಂದರೆ ಆಗಲಿಲ್ಲವಾ?" ಅಂದೆ. 2010ರ ಏಪ್ರಿಲಿನಿಂದ ಶಿಕ್ಷಣ ಹಕ್ಕು ಕಾಯ್ದೆ ಬಂದಿದೆಯಲ್ಲ, 6ರಿಂದ 14 ವರ್ಷದ ಮಕ್ಕಳಿಗೆ. ಆ ಕಾಯ್ದೆ ಮಗುವನ್ನು ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯ ಅನ್ನುತ್ತದೆ, ಸೇರಿಸದಿದ್ದರೆ ಇಂಥ ಶಿಕ್ಷೆ ಅಂತ ಅದರಲ್ಲಿ ಹೇಳಿಲ್ಲ. ಆ ಸಂದಿಯಲ್ಲೇ ಇವರಂಥವರು ಬದುಕಿದ್ದಾರೆ. ನೆಂಟರ ಬಾಯಿ ಮುಚ್ಚಿಸುವುದೇ ಕಾನೂನಿಗಿಂತ ಕಷ್ಟ ಆಯಿತು ಅಂದರು.

ಪರೀಕ್ಷೆ ಬರೆದದ್ದು ಎನ್‌ಐಒಎಸ್‌ನಲ್ಲಿ. ಕೇಂದ್ರ ಸರ್ಕಾರದ ಮುಕ್ತ ಶಾಲೆ, 1989ರಲ್ಲಿ ಶುರುವಾದದ್ದು. 14 ತುಂಬಿದರೆ ಹತ್ತನೇ ತರಗತಿಗೆ ಹೆಸರು ಕೊಡಬಹುದು. ಐದು ವಿಷಯ ಪಾಸಾದರೆ ಸಾಕು, ಒಂದೇ ಸಲ ಆಗಬೇಕಂತಿಲ್ಲ. ಐದು ವರ್ಷದೊಳಗೆ ಒಂಬತ್ತು ಅವಕಾಶ. ಇವನಿಗೆ ಇಂಗ್ಲಿಷು ಮೊದಲ ಸಲ ಹೋಯಿತು. ಎರಡನೇ ಸಲಕ್ಕೆ ಬಂತು. "ಹೋದಾಗ ಅತ್ತನಾ?" ಅಂದೆ. "ಇಲ್ಲ, ಎಲ್ಲಿ ತಪ್ಪಾಯ್ತು ಅಂತ ನೋಡೋಕೆ ಉತ್ತರಪತ್ರಿಕೆ ಸಿಗ್ತದಾ ಅಂತ ಕೇಳಿದ" ಅಂದರು. ನನ್ನ ಜಗುಲಿಯಲ್ಲಿ ಕೂತು "ಗೊತ್ತಿಲ್ಲ" ಅಂದ ಮುಖ ಆಗ ನೆನಪಾಯಿತು. ಗೊತ್ತಿಲ್ಲ ಅಂದರೆ ಇಡೀ ಕ್ಲಾಸು ನಗುತ್ತದೆ ಅನ್ನುವ ಹೆದರಿಕೆಯನ್ನು ಆ ಹುಡುಗ ಕಲಿತೇ ಇಲ್ಲ. ನಾನು ಎಸ್ಸೆಸ್ಸೆಲ್ಸಿವರೆಗೆ ಕಲಿತದ್ದರಲ್ಲಿ ಇವತ್ತಿಗೂ ಮರೆಯದೆ ಉಳಿದದ್ದು ಅದೊಂದೇ.

ಹಾಗಂತ ಮಕ್ಕಳನ್ನೆಲ್ಲ ಶಾಲೆಯಿಂದ ಬಿಡಿಸಿ ಅಂತ ನಾನು ಹೇಳುವುದಿಲ್ಲ. ನಮ್ಮ ನೆಂಟರಲ್ಲೇ ಒಂದು ಮನೆಯಲ್ಲಿ ಹೀಗೇ ಶುರುಮಾಡಿ, ಆರು ತಿಂಗಳಿಗೆ ಅಪ್ಪನಿಗೂ ಬೇಸರ ಬಂದು, ಮಗ ಈಗ ಮಧ್ಯಾಹ್ನ ಎದ್ದು ಮೊಬೈಲು ಒತ್ತುತ್ತಾನೆ. ಆ ಹುಡುಗನಿಗೂ ಹೋಂಸ್ಕೂಲಿಂಗ್ ಅಂತಲೇ ಹೆಸರು. ನನ್ನ ಮಗ ಶಾಲೆಗೆ ಹೋದವನೇ, ಒಳ್ಳೆಯ ಕೆಲಸದಲ್ಲಿದ್ದಾನೆ.

ಈ ಹುಡುಗನ ತಂಗಿಯನ್ನು ನಾನೇ ಕೆಲಸಕ್ಕೆ ಕರೆದೆ ಅನ್ನುವುದನ್ನೂ ಹೇಳಬೇಕಲ್ವಾ. 18 ತುಂಬಿದೆ, ಅವಳೂ ಮನೆಯಲ್ಲೇ ಕಲಿತವಳು. ಜೂನ್, ಜುಲೈ ಎರಡು ತಿಂಗಳು ಬಂದಳು. ಮಾರ್ಚಿನಲ್ಲಿ ಉಪ್ಪಿಗೆ ಹಾಕಿದ ಮಿಡಿಯ ಭರಣಿಗಳನ್ನು ತೆಗೆದು ಖಾರ ಕಲಸುವ ಕೆಲಸ. ಮೊದಲ ದಿನವೇ ಕೇಳಿದಳು, "ಅತ್ತೆ, ಒಂದು ಭರಣಿ ಜಾಸ್ತಿ ಉಪ್ಪು, ಇನ್ನೊಂದು ಕಡಿಮೆ, ಯಾಕೆ?" ನಾನು ಕೈ ಅಳತೆ ಅಂದೆ. "ಎಷ್ಟು ಹಿಡಿತದೆ ನಿಮ್ಮ ಕೈ?" ಅಂದಳು. ಕಲ್ಲುಪ್ಪಿನ ಡಬ್ಬಿ ತಂದು ತಕ್ಕಡಿ ಮುಂದಿಟ್ಟು ಹತ್ತು ಸಲ ಹಿಡಿ ತುಂಬಿಸಿದಳು. ಬೆಳಿಗ್ಗೆ 70 ಗ್ರಾಮಿನ ಆಸುಪಾಸು. ಸಂಜೆ, ಕೈ ಒದ್ದೆಯಾಗಿ ಸುಸ್ತಾದ ಮೇಲೆ, 95ರವರೆಗೆ ಹೋಯಿತು! ಅಮ್ಮನಿಂದ ಬಂದ ಕೈ ಅಳತೆ ಅಂತ ಮೆರೆಯುತ್ತಿದ್ದೆ. ಈಗ ಭರಣಿಯ ಮೇಲೆ ಅವಳು ಅಂಟಿಸಿದ ಚೀಟಿ ಇದೆ: ತಾರೀಕು, ಮಿಡಿ ಎಷ್ಟು ಕಿಲೋ, ಉಪ್ಪು ಎಷ್ಟು.

ತೊಂದರೆಯೂ ಇತ್ತು. "ಸುಮ್ನೆ ಹೇಳಿದ್ದು ಮಾಡು ಕೂಸೇ" ಅಂದರೆ ಅವಳಿಗೆ ಆಗುವುದೇ ಇಲ್ಲ. ಆರ್ಡರ್ ಕಳಿಸುವ ಗಡಿಬಿಡಿಯಲ್ಲಿ ನಿಂತು ಯಾಕೆ ಅಂತ ಕೇಳಿದರೆ ನನಗೆ ಸಿಟ್ಟು ಬರುತ್ತಿತ್ತು. ಒಂದೇ ಥರದ ಪ್ಯಾಕೆಟ್ಟು ಇನ್ನೂರು ಹಚ್ಚುವಾಗ ಐವತ್ತಕ್ಕೇ ಬೇಸರ. ಉಳಿದ ಹೆಂಗಸರ ಜೊತೆ ಹರಟೆ ಸೇರಲು ಮೂರು ವಾರ ಬೇಕಾಯಿತು. "ಈ ಕೂಸಿಗೆ ದೊಡ್ಡವರು ಅಂತ ಹೆದರಿಕೆಯೇ ಇಲ್ಲ" ಅಂತ ಒಬ್ಬರು ಗೊಣಗಿದರು. ನಾಲ್ಕು ವಾರಕ್ಕೆ ಅದೇ ಹೆಂಗಸು ತನ್ನ ಬ್ಯಾಂಕ್ ಪಾಸ್‌ಬುಕ್ ತಂದು ಅವಳಿಂದ ಓದಿಸಿಕೊಂಡಳು.

ಅಂಗಡಿಯ ಹುಡುಗನಿಗೂ ಕುಂದು ಇದೆ. ಕೆಲಸ ಹಿಡಿದರೆ ಗಡಿಯಾರ ನೋಡುವುದಿಲ್ಲ. ಮೂರಕ್ಕೆ ಬರುತ್ತೇನೆ ಅಂದವನು ಆರಕ್ಕೆ ಬಂದ, ಹಿಂದಿನ ಮನೆಯ ಮೋಟಾರು ಬಿಡಲಿಲ್ಲವಂತೆ. ಫೋನು ಎತ್ತುವುದಿಲ್ಲ. ಗಿರಾಕಿಯ ಮುಖಕ್ಕೇ "ಇದು ನೀವೇ ಹಾಳು ಮಾಡಿದ್ದು" ಅನ್ನುತ್ತಾನೆ, ನಯ ಕಡಿಮೆ. ಮತ್ತೆ, ನನ್ನ ಶೆಡ್ಡಿಗೆ ವಯರು ಎಳೆಯಲು ಯಜಮಾನರೇ ಬರಬೇಕಾಯಿತು. ವಯರಿಂಗ್ ಪರ್ಮಿಟ್ಟು ಅವರ ಹೆಸರಿನಲ್ಲಿದೆ. ಲೆಕ್ಕ ಪೂರ್ತಿ ಹುಡುಗನದ್ದು, ಸಹಿ ಅವರದ್ದು. ಆ ಪರ್ಮಿಟ್ಟಿಗಾಗಿ ಐಟಿಐ ಸೇರಲಾ ಅಂತ ಈಗ ಯೋಚಿಸುತ್ತಿದ್ದಾನೆ. ಹತ್ತನೇದು ಪಾಸಾಗಿರುವುದರಿಂದ ಸೇರಬಹುದು. ಬೆಂಚಿನ ಮೇಲೆ ಎಷ್ಟು ದಿನ ಕೂರುತ್ತಾನೋ ನೋಡಬೇಕು ಅಂತ ಯಜಮಾನರು ನಗುತ್ತಾರೆ. ಬಿಡಲು ಮನಸ್ಸಿಲ್ಲ ಅಂತ ಮುಖದಲ್ಲೇ ಕಾಣುತ್ತದೆ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಳೆದದ್ದು ಫೋನಿಗೆ ಮತ್ತು ಕುರ್ಚಿಗೆ. ಹೋಗುವವರು ಭಾನುವಾರ ಹೋಗಬೇಡಿ, ಬಾಗಿಲು ಹಾಕಿರುತ್ತದೆ. ಆಗಸ್ಟ್ ಮುಗಿಯುವವರೆಗೆ ಪಂಪಿನವರದ್ದೇ ಗದ್ದಲ, ಮಿಕ್ಸರು ಗ್ರೈಂಡರಿನವರು ಆಮೇಲೆ ಹೋದರೆ ಒಳ್ಳೆಯದು. ಮಷಿನ್ನಿನ ಹಿಂದಿನ ತಗಡಿನ ಚೀಟಿಯ ಫೋಟೋ ಹೊಡೆದುಕೊಂಡು ಹೋಗಿ. ಯಾವಾಗ ಕೆಟ್ಟಿತು, ಆಗ ಇನ್ನೇನು ಚಾಲೂ ಇತ್ತು ಅಂತ ಕೇಳುತ್ತಾನೆ, ನೆನಪು ಮಾಡಿಕೊಂಡಿರಿ.

ಮೊನ್ನೆ ಅವನೇ ಫೋನ್ ಮಾಡಿದ್ದ. ಆಶ್ಚರ್ಯ ಆಯಿತು, ಬಿಲ್ಲು ಬಾಕಿ ಇದೆಯಾ ಅಂದುಕೊಂಡೆ.

"ಅತ್ತೆ, ಹೊಸ ವಯರು ಹಾಕಿದ ಮೇಲೆ ಸಂಜೆ ಶೆಡ್ಡಿನಲ್ಲಿ ಎಷ್ಟು ಬರ್ತದೆ? ನನ್ನ ಲೆಕ್ಕದಲ್ಲಿ 199 ಬರಬೇಕು. ಬರೆದಿಟ್ಟಿದ್ದೀರಾ?"

ಬರೆದಿರಲಿಲ್ಲ. ಇವತ್ತು ಸಂಜೆ ಏಳಕ್ಕೆ ನೋಡಿ ಹೇಳುತ್ತೇನೆ ಅಂದಿದ್ದೇನೆ. ಪುಸ್ತಕ ಹುಡುಕಬೇಕು.